ಸಾಗುವಾನಿಯ ಊರಿನಲ್ಲಿ

ಧಾರವಾಡದಿಂದ ದಾಂಡೇಲಿಗೆ ಹೋಗುವ ಹಾದಿಯು ಹಳಿಯಾಳವನ್ನು ದಾಟಿದ ಮೇಲೆ ತನ್ನ ಸ್ವಭಾವವನ್ನೇ ಬದಲಿಸಿಬಿಡುತ್ತದೆ. ಬಯಲು ಹಿಂದೆ ಸರಿಯುತ್ತದೆ. ಸಾಗುವಾನಿಯ ನೀಳವಾದ ಕಾಂಡಗಳು, ಮೊರದಗಲದ ಎಲೆಗಳು ದಾರಿಯ ಬದಿಗೆ ಬಂದು ನಿಲ್ಲುತ್ತವೆ. ಈಗ ಈ ಊರಿಗೆ ಬರುವ ಪ್ರವಾಸಿಗರಿಗೆ ಕಾಳಿ ನದಿಯ ದೋಣಿಯಾಟವೂ ಮಂಗಟ್ಟೆ ಹಕ್ಕಿಯೂ ಆಕರ್ಷಣೆ. ನನ್ನ ಪ್ರಯಾಣದ ಉದ್ದೇಶ ಅಷ್ಟು ರಮ್ಯವಾದುದಾಗಿರಲಿಲ್ಲ. ಮನೆಯ ಮುಂಬಾಗಿಲಿಗೆ ನಾಲ್ಕು ಸಾಗುವಾನಿ ಹಲಗೆಗಳು ಬೇಕಾಗಿದ್ದವು.

ದಾಂಡೇಲಿ ಮರದಿಂದ ಬೆಳೆದ ಊರು. ಅಳ್ನಾವರದಿಂದ ಇಲ್ಲಿಗೆ ರೈಲುಹಳಿ ಬಂದದ್ದೇ ನಾಟಾ ಸಾಗಿಸುವ ಸಲುವಾಗಿ. 1955ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಮರುವರ್ಷ, 1956ರಲ್ಲಿ, ಅಭಯಾರಣ್ಯವೂ ಘೋಷಿತವಾಯಿತು. 2007ರಲ್ಲಿ ಹುಲಿಗಳಿಗೆಂದು ಮೀಸಲಾದ ಇಲ್ಲಿಯ ಕಾಡಿಗೆ 2015ರಿಂದ ಕಾಳಿಯ ಹೆಸರೇ ಇದೆ. ಕಡಿಯುವ ಕೈ, ಕಾಯುವ ಕೈ ಎರಡೂ ಒಂದೇ ಊರಿನಲ್ಲಿ ಬಾಳುವೆ ಮಾಡಿಕೊಂಡಿರುವುದು ಸೋಜಿಗವೇ ಸರಿ. ಅರಣ್ಯ ಇಲಾಖೆಯ ಡಿಪೋದಲ್ಲಿ ದಿಮ್ಮಿಗಳು ತುದಿಯಲ್ಲಿ ಸುತ್ತಿಗೆಯ ಮುದ್ರೆ ಹೊತ್ತು ಮಲಗಿರುತ್ತವೆ.

ಹಲಗೆಗಳನ್ನು ಕೀಸಿಸಲು ಹೋದದ್ದು ಊರಂಚಿನ ಒಂದು ಮರದ ಗಿರಣಿಗೆ. ಅಲ್ಲಿಯ ಥಿಕ್‌ನೆಸ್ ಪ್ಲೇನರ್ ಹೊರನೋಟಕ್ಕೆ ಕಬ್ಬಿಣದ ದೊಡ್ಡದೊಂದು ಪೆಟ್ಟಿಗೆಯಂತಿತ್ತು; ಸದ್ದು ಮಾತ್ರ ಎದೆಯನ್ನು ನಡುಗಿಸುವಂಥದು. ಕೆಳಗೆ ಗಾಲಿ ತಿರುಗಿಸಿ ಏರಿಸಿ ಇಳಿಸಬಹುದಾದ ಮೇಜು. ಮೇಲೆ, ಒಳಗಡೆ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಉಕ್ಕಿನ ಉರುಳೆ, ಅದರ ಮೈಯಲ್ಲಿ ಹರಿತವಾದ ಅಲಗುಗಳು. ಅದರ ಮುಂದೊಂದು ಹಿಂದೊಂದು ರೋಲರು. ಮುಂದಿನದು ಹಲಗೆಯನ್ನು ಕಚ್ಚಿ ಒಳಕ್ಕೆ ಎಳೆಯುತ್ತದೆ. ಹಿಂದಿನದು ಹೊರಕ್ಕೆ ಕಳಿಸುತ್ತದೆ. ಮೇಜಿಗೂ ಅಲಗಿಗೂ ನಡುವಿನ ಅಂತರವೆಷ್ಟೋ ಹಲಗೆಯ ದಪ್ಪ ಅಷ್ಟು. ಬಡಗಿ ಅರ್ಧ ದಿನ ಹತ್ತರಿ ಹೊಡೆದು ಮಾಡುವುದನ್ನು ಇದು ಕೆಲವು ನಿಮಿಷಗಳಲ್ಲಿ ಮಾಡಿ ಮುಗಿಸುತ್ತದೆ. ಇಂಥ ಯಂತ್ರವೊಂದಕ್ಕೆ ಅಮೆರಿಕದ ವಿಲಿಯಂ ವುಡ್‌ವರ್ತ್ 1828ರಲ್ಲಿ ಪಡೆದ ಪೇಟೆಂಟು ಮತ್ತೆ ಮತ್ತೆ ಮುಂದುವರಿದು 1856ರ ತನಕ ಊರ್ಜಿತವಾಗಿತ್ತಂತೆ. ಅದರಲ್ಲಿ ಎಷ್ಟು ಹಣವಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಯಂತ್ರವಿದೆ, ಹಲಗೆಯಿದೆ, ಇನ್ನೇಕೆ ತಡ ಎಂದುಕೊಳ್ಳುವಷ್ಟರಲ್ಲಿ ಮೇಸ್ತ್ರಿ ಎರಡು ನೇರವಾದ ಪಟ್ಟಿಗಳನ್ನು ಹಲಗೆಯ ಎರಡು ತುದಿಗಳಲ್ಲಿ ಅಡ್ಡಲಾಗಿಟ್ಟು, ಕುಕ್ಕುರುಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ ನೋಡಿದರು. ಮೂರು ಹಲಗೆಗಳಲ್ಲಿ ಎರಡು ಪಟ್ಟಿಗಳೂ ಒಂದೇ ಗೆರೆಗೆ ಬಂದವು. ನಾಲ್ಕನೆಯದರಲ್ಲಿ ಒಂದು ಪಟ್ಟಿಯ ತುದಿ ಮೇಲೆದ್ದಿತು. ಹಲಗೆ ತಿರುಚಿಕೊಂಡಿತ್ತು.

“ಇದು ದಪ್ಪ ನೋಡ್ತದೆ, ಮಾಸ್ತರ್ರೇ. ಸೊಟ್ಟ ನೋಡೂದಿಲ್ಲ.”

ಈ ಯಂತ್ರದ ಶಕ್ತಿಯೂ ಮಿತಿಯೂ ಆ ಒಂದು ಮಾತಿನಲ್ಲಿದೆ. ಸೊಟ್ಟಾದ ಹಲಗೆಯನ್ನು ಒಳಗೆ ಬಿಟ್ಟರೆ ರೋಲರುಗಳು ಅದನ್ನು ಮೇಜಿಗೆ ಒತ್ತಿ ಹಿಡಿಯುತ್ತವೆ. ಒತ್ತಿದಷ್ಟು ಹೊತ್ತು ಅದು ನೆಟ್ಟಗಿರುತ್ತದೆ. ಹೊರಬಂದೊಡನೆ ಮೊದಲಿನ ಹಾಗೆಯೇ ಬಾಗುತ್ತದೆ. ಹಣ ಕೊಟ್ಟು ನಾವು ಪಡೆಯುವುದು ನುಣುಪಾದ, ತೆಳ್ಳಗಾದ ಸೊಟ್ಟ ಹಲಗೆ! ಆದುದರಿಂದ ಪಕ್ಕದ ಸರ್ಫೇಸ್ ಪ್ಲೇನರಿನ ಮೇಲೆ ಕೈಯಿಂದ ನೂಕಿ ಒಂದು ಮುಖವನ್ನು ಮೊದಲು ಮಟ್ಟಸ ಮಾಡಬೇಕು. ಆ ಮುಖ ಮೇಜಿನ ಮೇಲೆ ಕುಳಿತರೆ ಮಾತ್ರ ಥಿಕ್‌ನೆಸ್ ಯಂತ್ರ ಎರಡನೆಯ ಮುಖವನ್ನು ಅದಕ್ಕೆ ಸರಿಸಮವಾಗಿಸಬಲ್ಲುದು. ಸರ್ಫೇಸ್ ಪ್ಲೇನರಿನ ಅಲಗು ಮೇಜಿನ ನಡುವೆ ಮೇಲ್ಮುಖವಾಗಿ ತಿರುಗುತ್ತಿರುತ್ತದೆ. ಮೇಸ್ತ್ರಿಯವರ ಎಡಗೈಯ ತೋರುಬೆರಳು ಒಂದು ಗೆಣ್ಣಿನಷ್ಟು ಮೋಟಾಗಿರುವುದಕ್ಕೆ ಅಂಥದೇ ಒಂದು ಯಂತ್ರ ಕಾರಣ.

ನಾಲ್ಕನೆಯ ಹಲಗೆಯ ಗತಿಯೇನು? ನಾನು ಕೊಂಡದ್ದು 38 ಮಿಲಿಮೀಟರ್ ದಪ್ಪದ್ದು. ಬಾಗಿಲಿಗೆ ನಿಲ್ಲಬೇಕಾದುದು 32. ಚೆನ್ನಾಗಿರುವ ಹಲಗೆಯಲ್ಲಿಯೇ ಸುಮಾರು ಆರರಲ್ಲೊಂದು ಪಾಲು ಹೆರೆಯಾಗಿ ಹೋಗುತ್ತದೆ. ಘನ ಅಡಿಯ ಲೆಕ್ಕದಲ್ಲಿ ಸಾಗುವಾನಿ ಕೊಂಡವರಿಗೆ ಆ ಹೆರೆಯ ಬೆಲೆ ಗೊತ್ತು. ಏಳು ಅಡಿಯ ತಿರುಚನ್ನು ಪೂರ್ತಿ ತೆಗೆಯಹೊರಟರೆ ಅದು 32ಕ್ಕೂ ಕೆಳಗಿಳಿಯುವುದು ಖಂಡಿತ. ಮೇಸ್ತ್ರಿ ಅದನ್ನು ನಡುವೆ ಕೊಯ್ದರು. ಹಲಗೆ ಗಿಡ್ಡವಾದಷ್ಟೂ ತುದಿಯಿಂದ ತುದಿಗೆ ತಿರುಚು ಕಡಿಮೆ, ತೆಗೆಯಬೇಕಾದದ್ದೂ ಕಡಿಮೆ. ಎರಡು ತುಂಡುಗಳೂ ಬಾಗಿಲಿನ ಅಡ್ಡಪಟ್ಟಿಗಳಿಗೆ ಸಾಕಾದವು. ಉದ್ದದ ಹಲಗೆ ಇನ್ನೊಂದನ್ನು ಕೊಳ್ಳಬೇಕಾಯಿತು.

ಮುಂದಿನದು ಚುರುಕಾಗಿ ನಡೆಯಿತು. ಹಲಗೆಯ ಅತಿ ದಪ್ಪವಾದ ಜಾಗವನ್ನು ಅಳೆದು ಮೇಜನ್ನು ಅಲ್ಲಿಂದ ಹೊಂದಿಸಿದರು. ಒಂದು ಸಾರಿಗೆ ಒಂದು ಮಿಲಿಮೀಟರಿನಷ್ಟೇ ಕೀಸು. ನಾರು ಓಡುವ ದಿಕ್ಕನ್ನು ಹಲಗೆಯ ಪಕ್ಕದಿಂದ ನೋಡಿಕೊಂಡರು. ಹಸುವಿನ ಮೈಯನ್ನು ಕೂದಲಿಗೆ ಎದುರಾಗಿ ಸವರಿದರೆ ಹೇಗೋ ಹಾಗೆ, ತಪ್ಪು ದಿಕ್ಕಿನಿಂದ ಬಿಟ್ಟರೆ ನಾರು ಕಿತ್ತು ಬರುತ್ತದೆ. ತುದಿ ಒಂದೇ ರೋಲರಿನ ಹಿಡಿತದಲ್ಲಿರುವಾಗ ಹಲಗೆ ಕೊಂಚ ಏಳುವುದರಿಂದ ಅಲ್ಲಿ ಅಲಗು ಆಳಕ್ಕಿಳಿಯುತ್ತದೆ. ಅದಕ್ಕಾಗಿ ಮೂರು ನಾಲ್ಕು ಅಂಗುಲ ಉದ್ದ ಹೆಚ್ಚಿಗೆ ಇಟ್ಟುಕೊಂಡು ಕೊನೆಗೆ ಕೊಯ್ದುಬಿಡುವುದು ರೂಢಿ. ರೋಲರುಗಳ ನಡುವಿನ ಅಂತರಕ್ಕಿಂತ ಗಿಡ್ಡವಾದ ತುಂಡನ್ನು ಒಳಗೆ ಬಿಡುವಂತೆಯೇ ಇಲ್ಲ. ಹಿಡಿತ ತಪ್ಪಿದ ತುಂಡು ಗುಂಡಿನಂತೆ ಹಿಂದಕ್ಕೆ ಚಿಮ್ಮೀತು. ಹಲಗೆಯ ನೇರಕ್ಕೆ ನಿಂತಿದ್ದ ನನ್ನನ್ನು ಮೇಸ್ತ್ರಿ ಮಾತಿಲ್ಲದೆ ತೋಳು ಹಿಡಿದು ಬದಿಗೆ ಸರಿಸಿದರು. ಅವರ ಕೈಗೆ ಕೈಚೀಲವಿರಲಿಲ್ಲ, ಅಂಗಿಯ ತೋಳು ಮೊಣಕೈಯ ಮೇಲೆ ಮಡಿಸಿತ್ತು. ತಿರುಗುವ ಯಂತ್ರಕ್ಕೆ ಬಟ್ಟೆಯ ಒಂದು ಎಳೆ ಸಿಕ್ಕರೂ ಸಾಕು.

ನಡುವೆ ಯಂತ್ರದ ದನಿ ತುಸು ಒರಟಾಯಿತು. ಸಾಗುವಾನಿಯ ಒಡಲಿನಲ್ಲಿ ಮರಳಿನ ಜಾತಿಯ ಸಿಲಿಕಾ ಇರುವುದರಿಂದ ಅದು ಅಲಗನ್ನು ಬೇಗ ಮೊಂಡಾಗಿಸುತ್ತದೆ. ಮೇಸ್ತ್ರಿ ಯಂತ್ರ ನಿಲ್ಲಿಸಿ, ವಿದ್ಯುತ್ತಿನ ಸಂಪರ್ಕವನ್ನೂ ತಪ್ಪಿಸಿ, ಬೇರೆ ಅಲಗು ಕೂರಿಸಿದರು. ಗಿರಣಿಯ ತುಂಬ ತೊಗಲಿನ ವಾಸನೆಯನ್ನು ಹೋಲುವ, ಎಣ್ಣೆಯಂಶವುಳ್ಳ ಪರಿಮಳ. ಬೂದುಬಣ್ಣದ ಒರಟು ಮೈಯೊಳಗಿಂದ ಹೊಂಬಣ್ಣದ ಗೆರೆಗಳು ಮೇಲೆದ್ದವು.

34ಕ್ಕೆ ಬಂದಾಗ ಮೇಸ್ತ್ರಿ ಕೆಲಸ ನಿಲ್ಲಿಸಿದರು. ಒಳಮೈ ಹೊಸದಾಗಿ ಗಾಳಿಗೆ ತೆರೆದುಕೊಂಡಾಗ ಹಲಗೆ ಮತ್ತೆ ತುಸು ಮಿಸುಕುತ್ತದೆಯಂತೆ. ನಡುನಡುವೆ ಪಟ್ಟಿಗಳನ್ನಿಟ್ಟು ಹಲಗೆಗಳನ್ನು ನೆರಳಿನಲ್ಲಿ ಪೇರಿಸಿ, ಉಳಿದೆರಡು ಮಿಲಿಮೀಟರಿಗೆ ಎಂಟು ದಿನ ಬಿಟ್ಟು ಬರಬೇಕೆಂದು ಹೇಳಿದರು.