ಆಷಾಢದ ಅಪ್‌ಡೇಟ್

1.
ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು. ಮದುವೆಯ ಫೋಟೊ, ವಿಡಿಯೊ ಮಾಡುವವರ ಮನೆ. ಒಳಕೋಣೆಯಲ್ಲಿ ನಾಲ್ಕು ಹಾರ್ಡ್ ಡಿಸ್ಕಿನಿಂದ ಶುರುವಾದ ಒಂದು ಪೆಟ್ಟಿಗೆ. ಮನೆಯವರ ಬಾಯಲ್ಲಿ ಅದು 'ಡಬ್ಬ'. ಒಂದು ವೈರು ರೂಟರಿಗೆ, ಒಂದು ಯುಪಿಎಸ್‌ಗೆ. ಎಡಿಟಿಂಗ್ ಕಂಪ್ಯೂಟರು, ಲ್ಯಾಪ್‌ಟಾಪು, ಫೋನು ಎಲ್ಲಕ್ಕೂ ಫೈಲು ಬರುವುದು ಅಲ್ಲಿಂದಲೇ. ಅದರಲ್ಲಿ ಓಡುವ ತಂತ್ರಾಂಶ ಟ್ರೂನ್ಯಾಸ್. ಒಳಗಿನ ಫೈಲ್ ವ್ಯವಸ್ಥೆ ಓಪನ್‌ಝಡ್‌ಎಫ್‌ಎಸ್.

2.
ಟ್ರೂನ್ಯಾಸ್‌ನ ಹಲವು ಆವೃತ್ತಿಗಳಿಗೆ ಇಟ್ಟದ್ದು ಮೀನಿನ ಹೆಸರು, ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ. ಕೋಬಿಯಾ, ಡ್ರ್ಯಾಗನ್‌ಫಿಶ್, ಎಲೆಕ್ಟ್ರಿಕ್ ಈಲ್, ಫ್ಯಾಂಗ್‌ಟೂತ್, ಗೋಲ್ಡ್‌ಐ. ಫ್ಯಾಂಗ್‌ಟೂತ್ ಆಳಸಮುದ್ರದ್ದು. ಭೀಮನಬೀಡಿನವರು ಕಡಲು ನೋಡಬೇಕಾದರೆ ವಯನಾಡಿನ ಘಾಟಿ ಇಳಿದು ಕೋಳಿಕ್ಕೋಡಿಗೆ ಹೋಗಬೇಕು.

3.
ಹೆಸರಿನ ಜೊತೆಗಿರುವ ಸಂಖ್ಯೆ ವರ್ಷ ಮತ್ತು ತಿಂಗಳು. 24.10 ಎಂದರೆ 2024ರ ಅಕ್ಟೋಬರ್. 25.04 ಎಂದರೆ 2025ರ ಏಪ್ರಿಲ್. ಏಪ್ರಿಲ್‌ನಲ್ಲಿ ಸಾಲು ಸಾಲು ಮದುವೆ. ಅಕ್ಟೋಬರ್ ಮುಗಿಯುವಾಗ ಕಾರ್ತಿಕ ಹತ್ತಿರ.

"ಮುಹೂರ್ತ ಇರೋ ತಿಂಗ್ಳಲ್ಲಿ ಡಬ್ಬ ಮುಟ್ಟಲ್ಲ ಸಾರ್."

ಇಲ್ಲಿ ಅಪ್‌ಡೇಟ್ ಹಾಕುವುದು ಆಷಾಢದಲ್ಲಿ.

4.
ಚಾಮರಾಜನಗರದ ಚಾಮರಾಜೇಶ್ವರ ಸ್ವಾಮಿಯ ತೇರೂ ಆಷಾಢದಲ್ಲೇ. ಆ ತಿಂಗಳು ಬೇರೆ ಬೇರೆ ಇರಬೇಕಾದ ಹೊಸ ಜೋಡಿಗಳು ಅಲ್ಲಿ ಜೊತೆಯಾಗಿ ಬಂದು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಅವತ್ತಿನ ಫೋಟೊಗಳು ಕ್ಯಾಮೆರಾದ ಕಾರ್ಡಿನಲ್ಲೇ ಉಳಿದು, ಅಪ್‌ಡೇಟ್ ಮುಗಿದ ಮೇಲೆ ಡಬ್ಬ ಸೇರುತ್ತವೆ.

5.
24.10ರ ದೊಡ್ಡ ಸೇರ್ಪಡೆ: ಒಳಗಿರುವುದನ್ನು ಖಾಲಿ ಮಾಡದೆ ಇನ್ನೊಂದು ಡಿಸ್ಕ್ ಸೇರಿಸಬಹುದು. ಓಪನ್‌ಝಡ್‌ಎಫ್‌ಎಸ್‌ಗೆ ಮೂಲವಾದ ಝಡ್‌ಎಫ್‌ಎಸ್ ಕೆಲಸ ಸನ್ ಕಂಪನಿಯಲ್ಲಿ ಶುರುವಾದದ್ದು 2001ರಲ್ಲಿ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಮ್ಯಾಥ್ಯೂ ಅಹ್ರೆನ್ಸ್ ಡಿಸ್ಕ್ ಸೇರಿಸುವ ಈ ವಿಚಾರವನ್ನು ಮುಂದಿಟ್ಟದ್ದು 2017ರಲ್ಲಿ. ಓಪನ್‌ಝಡ್‌ಎಫ್‌ಎಸ್‌ನ ಅಧಿಕೃತ 2.3 ಆವೃತ್ತಿಯಲ್ಲಿ ಬಂದದ್ದು 2025ರ ಜನವರಿ.

ಸೇರಿಸಿದ ಮೇಲೆ ಒಂದು ವಿಚಿತ್ರ. ನಾಲ್ಕು ಡಿಸ್ಕಿನ ಕಾಲದಲ್ಲಿ ಬರೆದದ್ದಕ್ಕೆ ಮೂರು ಪಾಲು ಮಾಹಿತಿ, ಒಂದು ಪಾಲು ಪ್ಯಾರಿಟಿ, ಅಂದರೆ ಒಂದು ಡಿಸ್ಕ್ ಕೆಟ್ಟರೆ ಮಾಹಿತಿಯನ್ನು ಮರಳಿ ಕಟ್ಟುವ ಲೆಕ್ಕ. ಐದನೆಯದು ಬಂದ ಮೇಲೆ ಬರೆಯುವುದಕ್ಕೆ ನಾಲ್ಕಕ್ಕೆ ಒಂದು. ಹಳೆಯದನ್ನು ಮತ್ತೆ ಬರೆಯುವವರೆಗೆ ಅದು ಹಳೆಯ ಲೆಕ್ಕದಲ್ಲೇ ಉಳಿಯುತ್ತದೆ. ಖಾಲಿ ಜಾಗ ತೋರಿಸುವ ಅಂಕಿಯೂ ಹಳೆಯ ಲೆಕ್ಕವನ್ನೇ ಹಿಡಿಯುತ್ತದೆ. ನಾಲ್ಕು ಟಿಬಿಯ ಡಿಸ್ಕ್ ಹಾಕಿದರೆ ಮೂರೇ ಟಿಬಿ ಹೆಚ್ಚಿದಂತೆ ಕಾಣುತ್ತದೆ.

"ಒಂದು ಟಿಬಿ ಎಲ್ಲೋಯ್ತು?" ಎಂದು ಕೇಳಿದರು. ಎಲ್ಲೂ ಹೋಗಿಲ್ಲ. ಅದೇ ಐದು ಡಿಸ್ಕಿನ ಮೇಲೆ ಹೋದ ವರ್ಷದ ಮದುವೆಗಳು ಒಂದು ಲೆಕ್ಕದಲ್ಲಿ, ಈ ವರ್ಷದವು ಇನ್ನೊಂದು ಲೆಕ್ಕದಲ್ಲಿ ಕೂತಿರುತ್ತವೆ.

6.
2023ರ ಅಕ್ಟೋಬರಿನಲ್ಲಿ ಓಪನ್‌ಝಡ್‌ಎಫ್‌ಎಸ್ 2.2 ಬಂತು. ನವೆಂಬರಿನಲ್ಲಿ ಜೆಂಟೂ ಲಿನಕ್ಸ್ ಬಳಸುವವರೊಬ್ಬರ ದೂರು: ನಕಲು ಮಾಡಿದ ಫೈಲಿನ ಕೆಲವು ಭಾಗ ಬರೀ ಸೊನ್ನೆ. ಅನುಮಾನ ಹೋದದ್ದು ಹೊಸದಾಗಿ ಸೇರಿಸಿದ್ದ ಬ್ಲಾಕ್ ಕ್ಲೋನಿಂಗ್ ಮೇಲೆ, ಅಂದರೆ ಮಾಹಿತಿಯನ್ನು ಮತ್ತೆ ಬರೆಯದೆ ನಕಲು ಮಾಡುವ ವಿಧಾನದ ಮೇಲೆ. 2.2.1ರಲ್ಲಿ ಅದನ್ನು ನಿಲ್ಲಿಸಿದರು. ಸೊನ್ನೆ ನಿಲ್ಲಲಿಲ್ಲ.

ದೋಷ ಇದ್ದದ್ದು ಎಷ್ಟೋ ವರ್ಷ ಹಿಂದಿನ ಕೋಡಿನಲ್ಲಿ. ಫೈಲು ಆಗಷ್ಟೇ ಬರೆದದ್ದು, ಇನ್ನೂ ಡಿಸ್ಕಿಗೆ ಇಳಿಯುತ್ತಿದೆ. ಅದೇ ಹೊತ್ತಿಗೆ ಇನ್ನೊಂದು ಪ್ರೋಗ್ರಾಮು ಬಂದು 'ಇದರಲ್ಲಿ ಖಾಲಿ ಜಾಗ ಎಲ್ಲಿದೆ' ಎಂದು ಕೇಳುತ್ತದೆ. ಅಪರೂಪಕ್ಕೊಮ್ಮೆ, ತುಂಬಿದ ಜಾಗಕ್ಕೂ 'ಖಾಲಿ' ಎಂಬ ಉತ್ತರ ಹೋಗುತ್ತಿತ್ತು. ಕೇಳಿದ ಪ್ರೋಗ್ರಾಮು ನಂಬಿ, ನಕಲಿನಲ್ಲಿ ಅಷ್ಟು ಜಾಗಕ್ಕೆ ಸೊನ್ನೆ ಬಿಡುತ್ತಿತ್ತು. ಲಿನಕ್ಸ್‌ನ ಮೂಲ ಆದೇಶಗಳ ಕಟ್ಟಾದ ಕೋರ್‌ಯುಟಿಲ್ಸ್‌ನಲ್ಲಿ, 2021ರಲ್ಲಿ ಬಂದ 9ನೇ ಆವೃತ್ತಿಯ ನಕಲು ಆದೇಶ ಈ ಪ್ರಶ್ನೆಯನ್ನು ಹೆಚ್ಚು ಕೇಳತೊಡಗಿತು. ಅಲ್ಲಿಯವರೆಗೆ ದೋಷ ಕಣ್ಣಿಗೆ ಬಿದ್ದದ್ದು ಕಡಿಮೆ.

2023ರ ನವೆಂಬರ್ 30ರಂದು 2.2.2, 2.1.14 ಬಂದವು. ತಿದ್ದುಪಡಿ ಕೆಲವೇ ಸಾಲಿನದ್ದು. ಕಾರಣವನ್ನು ಮುಚ್ಚಿಡದೆ, ಹಳೆಯ ಆವೃತ್ತಿಗಳಲ್ಲೂ ಇದೆ ಎಂದು ಬರೆದರು. ಅಷ್ಟು ದೂರ ಹಿಂದೆ ಹೋಗಿ ಹುಡುಕಿದವರ ಮೇಲೆ ನನಗೆ ಗೌರವ.

7.
ಮೂಲ ಫೈಲು ಸರಿಯಾಗಿಯೇ ಇತ್ತು. ನಕಲೂ, ಝಡ್‌ಎಫ್‌ಎಸ್ ಲೆಕ್ಕದಲ್ಲಿ, ಸರಿ. ಕೊಟ್ಟದ್ದನ್ನೇ ಬರೆದುಕೊಂಡು ಅದಕ್ಕೇ ಚೆಕ್‌ಸಮ್, ಅಂದರೆ ತಾಳೆ ನೋಡುವ ಅಂಕಿ, ಹಾಕಿತ್ತು. ಎಷ್ಟು ಸಲ ಪರೀಕ್ಷಿಸಿದರೂ ತಪ್ಪು ಸಿಗುವುದಿಲ್ಲ.

8.
ಜಮೀನಿನ ಪಹಣಿಯ ಕತೆಯೂ ಹೀಗೇ. ಅದು ಮೊದಲು ಇದ್ದದ್ದು ಗ್ರಾಮ ಲೆಕ್ಕಿಗರ ಕೈಬರಹದಲ್ಲಿ. ಭೂಮಿ ಯೋಜನೆಯಲ್ಲಿ ಅದನ್ನು ಕಂಪ್ಯೂಟರಿಗೆ ಏರಿಸಿದರು. ತಾಲ್ಲೂಕಿಗೊಂದು ಸರ್ವರು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಆಗ ನಕಲಿಗೆ 15 ರೂಪಾಯಿ. ಆಮೇಲೆ ತಾಲ್ಲೂಕಿನ ಮಾಹಿತಿ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋಯಿತು. ಏರಿಸುವಾಗ ತಂದೆಯ ಹೆಸರಲ್ಲಿ ಒಂದು ಅಕ್ಷರ ತಪ್ಪಿದ್ದರೆ ಅದೂ ಹಾಗೇ ಹೋಯಿತು. ತಿದ್ದುಪಡಿಗೆ ಅರ್ಜಿ ಕೊಡಬೇಕು.

9.
ಗುಂಡ್ಲುಪೇಟೆ ಸೇರಿರುವ ಚಾಮರಾಜನಗರ, ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಸ್ಟುಡಿಯೊದವರು ಸ್ಕ್ಯಾನ್ ಮಾಡಿ ಇಟ್ಟುಕೊಂಡಿರುವ ಮನೆಯ ಹಳೆಯ ಪತ್ರಗಳಲ್ಲಿ 'ಮೈಸೂರು ಜಿಲ್ಲೆ' ಎಂದಿದೆ. ಫೋಲ್ಡರಿನ ಹೆಸರು 'ಚಾಮರಾಜನಗರ'.

10.
ಕರೆಂಟು ಹೋಗುತ್ತದೆ, ಬರುತ್ತದೆ. ಝಡ್‌ಎಫ್‌ಎಸ್ ಹಳೆಯದರ ಮೇಲೆ ಹೊಸದನ್ನು ಬರೆಯುವುದಿಲ್ಲ. ಬೇರೆ ಜಾಗದಲ್ಲಿ ಬರೆದು ಮುಗಿಸಿ, ಕೊನೆಗೆ ಗುರುತನ್ನು ಅತ್ತ ತಿರುಗಿಸುತ್ತದೆ. ನಡುವೆ ಕರೆಂಟು ಹೋದರೆ ಹಳೆಯದು ಇದ್ದಲ್ಲೇ ಇರುತ್ತದೆ.

11.
ಡಿಸ್ಕಿನಲ್ಲಿರುವುದನ್ನೆಲ್ಲ ಓದಿ ತಾಳೆ ನೋಡುವ ಕೆಲಸಕ್ಕೆ ಸ್ಕ್ರಬ್ ಎನ್ನುತ್ತಾರೆ. ಟ್ರೂನ್ಯಾಸ್ ತಾನಾಗಿ ಇಟ್ಟುಕೊಂಡಿರುವ ಸಮಯ ಭಾನುವಾರ ನಡುರಾತ್ರಿ. ಪ್ರತಿ ಭಾನುವಾರ ಏಳುತ್ತದೆ. ಹಿಂದಿನ ಸ್ಕ್ರಬ್ ಆಗಿ 35 ದಿನ ಆಗಿಲ್ಲವಾದರೆ ಸುಮ್ಮನಾಗುತ್ತದೆ.

12.
ಝಡ್‌ಎಫ್‌ಎಸ್‌ನಲ್ಲಿ ಫೈಲಿನ ಹೆಸರಿಗೆ ಇದ್ದ ಮಿತಿ 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಪ್ರತಿ ವರ್ಣಕ್ಕೂ, ಗುಣಿತದ ಪ್ರತಿ ಚಿಹ್ನೆಗೂ ಮೂರು. ಇಂಗ್ಲಿಷಿನಲ್ಲಿ ಬರೆದ ಭೀಮನಬೀಡಿಗೆ 13 ಬೈಟ್, ಕನ್ನಡದಲ್ಲಿ 24. 'ಸ್ತ್ರೀ' ಎಂಬ ಒಂದು ಅಕ್ಷರಕ್ಕೆ 18.

ಹುಡುಗಿ, ಹುಡುಗ, ಎರಡು ಊರು, ಕಲ್ಯಾಣ ಮಂಟಪ, ತಾರೀಕು, ಇಷ್ಟೂ ಒಂದೇ ಹೆಸರಲ್ಲಿ ಇರಬೇಕೆಂಬುದು ಸ್ಟುಡಿಯೊದ ಪದ್ಧತಿ. ವಿಂಡೋಸ್ ಬೇರೆ ರೀತಿ ಎಣಿಸುತ್ತದೆ, ಹೆಸರನ್ನು ಒಪ್ಪುತ್ತದೆ. ಅದೇ ಫೈಲನ್ನು ಡಬ್ಬಕ್ಕೆ ಹಾಕಲು ಹೋದರೆ ಹೆಸರು ಉದ್ದವಾಯಿತು ಎಂದು ವಾಪಸ್.

ಓಪನ್‌ಝಡ್‌ಎಫ್‌ಎಸ್ 2.3ರ ಟಿಪ್ಪಣಿಯಲ್ಲಿ ಒಂದು ಸಾಲು: ಹೆಸರು ಇನ್ನು 1023ರವರೆಗೆ ಇರಬಹುದು. ಬರೆದವರ ಮನಸ್ಸಿನಲ್ಲಿ ಮದುವೆಯ ಕರೆಯೋಲೆ ಇರಲಿಕ್ಕಿಲ್ಲ.

13.
'ಭೀಮನಬೀಡು' ಎಂಬ ಹೆಸರಿನ ಎರಡು ಫೋಲ್ಡರ್, ಒಂದರ ಪಕ್ಕ ಒಂದು. ಕಾಗುಣಿತ ಒಂದೇ. ಒಂದು ಹಳೆಯ ಮ್ಯಾಕ್‌ನ ಡಿಸ್ಕಿನಿಂದ ಬಂದದ್ದು. ಆ ಮ್ಯಾಕ್‌ನ ಫೈಲ್ ವ್ಯವಸ್ಥೆ 'ೀ' ಚಿಹ್ನೆಯನ್ನು ಗುಡಿಸು, ದೀರ್ಘ ಎಂದು ಎರಡಾಗಿ ಬಿಡಿಸಿ ಇಡುತ್ತದೆ. ಊರಿನ ಹೆಸರಲ್ಲಿ 'ೀ' ಎರಡು ಸಲ. ಹಾಗಾಗಿ ಒಂದು ಭೀಮನಬೀಡು 24 ಬೈಟ್, ಇನ್ನೊಂದು 30. ಎರಡನ್ನೂ ಒಂದೇ ಎಂದು ಕಾಣುವ ಆಯ್ಕೆ ಝಡ್‌ಎಫ್‌ಎಸ್‌ನಲ್ಲಿ ಇದೆ. ಅದನ್ನು ಡಿಸ್ಕಿನಲ್ಲಿ ಫೈಲುಗಳಿಗೆ ಜಾಗ ಮಾಡುವ ಮೊದಲ ದಿನವೇ ಆರಿಸಬೇಕು. ಆಮೇಲೆ ಬದಲಿಸಲಾಗದು. ಯಾವ ಅಪ್‌ಡೇಟಿನಲ್ಲೂ ಇದು ಬದಲಾಗಿಲ್ಲ.

14.
ಅಪ್‌ಡೇಟ್ ನಿಂತುಹೋದ ಡಬ್ಬಗಳ ಕತೆಯೂ ಇದೆ. 2021ರ ಜೂನ್. ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಎಂಬ ಡಬ್ಬಗಳು ಜಗತ್ತಿನ ಹಲವು ಕಡೆ ಇದ್ದಕ್ಕಿದ್ದಂತೆ ಖಾಲಿಯಾದವು. ಅವಕ್ಕೆ ಕೊನೆಯ ಅಪ್‌ಡೇಟ್ ಬಂದದ್ದು 2015ರಲ್ಲಿ. ಎಲ್ಲವನ್ನೂ ಅಳಿಸುವ ಮುನ್ನ ಪಾಸ್‌ವರ್ಡ್ ಕೇಳುವ ಸಾಲುಗಳು ಕೋಡಿನಲ್ಲಿ ಇದ್ದವು. ಯಾರೋ ಆ ಸಾಲುಗಳ ಮುಂದೆ ಎರಡೆರಡು ಓರೆಗೆರೆ ಹಾಕಿದ್ದರು. ಓರೆಗೆರೆ ಹಾಕಿದ ಸಾಲನ್ನು ಯಂತ್ರ ಓದದೆ ದಾಟುತ್ತದೆ.

15.
ಅಪ್‌ಡೇಟ್‌ನಿಂದ ಹೋಗುವುದೂ ಉಂಟು. ಸಿನಾಲಜಿಯ ಡಬ್ಬಗಳಿಗೆ 2024ರ ಆಗಸ್ಟಿನಲ್ಲಿ ಬಂದ 7.2.2 ಆವೃತ್ತಿಯಲ್ಲಿ, ವಿಡಿಯೊ ನೋಡಲು ಇದ್ದ ವಿಡಿಯೊ ಸ್ಟೇಷನ್ ಇಲ್ಲ.

16.
ಟ್ರೂನ್ಯಾಸ್ ಅಪ್‌ಡೇಟ್ ಇಷ್ಟವಾಗದಿದ್ದರೆ ಹಿಂದಿನ ಆವೃತ್ತಿಗೆ ಮರಳಬಹುದು. ಆದರೆ ಅಪ್‌ಡೇಟ್ ಆದ ಮೇಲೆ ಇನ್ನೊಂದು ಸೂಚನೆ ಬರುತ್ತದೆ: ಡಿಸ್ಕುಗಳ ಗುಂಪಿಗೂ ಹೊಸ ಸೌಲಭ್ಯಗಳಿವೆ, ಅದನ್ನೂ ಮೇಲ್ದರ್ಜೆಗೆ ಏರಿಸಿ. ಅದನ್ನು ಒತ್ತಿ, ಆ ಸೌಲಭ್ಯ ಬಳಸಿದರೆ ಹಳೆಯ ತಂತ್ರಾಂಶಕ್ಕೆ ಆ ಡಿಸ್ಕುಗಳನ್ನು ತೆರೆಯಲು ಬರುವುದಿಲ್ಲ. ಉದ್ದದ ಹೆಸರು ಬೇಕಾದರೆ ಇದನ್ನು ಒತ್ತಬೇಕು. ಒತ್ತಿದರೆ ಮರಳುವ ದಾರಿ ಮುಚ್ಚಬಹುದು.

"ಮುಂದಿನ ಆಷಾಢಕ್ಕೆ ನೋಡೋಣ ಸಾರ್" ಎಂದರು. ಅಲ್ಲಿಯವರೆಗೆ ಕಲ್ಯಾಣ ಮಂಟಪದ ಹೆಸರನ್ನು ಇಂಗ್ಲಿಷಿನ ಎರಡು ಅಕ್ಷರಕ್ಕೆ ಇಳಿಸಿ ಬರೆಯುತ್ತಾರೆ.