ಪಿಸ್ತೂಲಿನ ಇನಿಶಿಯಲ್ಲು

ಬಸವನಗುಡಿಯ ಡಿ.ವಿ.ಜಿ. ರಸ್ತೆಯಲ್ಲಿ ಓಡಾಡುವ ನನಗೆ ಇನಿಶಿಯಲ್ಲೆಂದರೆ ಊರು, ತಂದೆಯ ಹೆಸರು: ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಬಾಂಡ್ ಸಿನಿಮಾದ ಗುಂಗಿನಲ್ಲಿದ್ದ ತಂಗಿಯ ಮಗ, "ದೊಡ್ಡಮ್ಮಾ, ಪಿಪಿ, ಪಿಪಿಕೆ, ಪಿಪಿಕೆ/ಎಸ್ ಎಲ್ಲಾ ಒಂದೇನಾ?" ಎಂದ. ಪಿಸ್ತೂಲೆಂದರೆ ನನಗಾಗದು, ಅಕ್ಷರವನ್ನು ಬಿಡಲಾರೆ.

ಜರ್ಮನಿಯ ವಾಲ್ಥರ್ ಕಂಪನಿಯ 1929ರ ಪಿಪಿ ಎಂದರೆ ಪೊಲೀಸ್ ಪಿಸ್ತೂಲು. 1931ರ 'ಕೆ' ಮಫ್ತಿಯ ಪತ್ತೇದಾರರದು. ಕೋಟಿನೊಳಗೆ ಅಡಗಲೆಂದು ಹಿಡಿಯೂ ಗಿಡ್ಡ, ನಳಿಗೆಯೂ ಗಿಡ್ಡ. 'ಎಸ್' ಹುಟ್ಟಿದ್ದು ಮಾತ್ರ ಕಾನೂನಿನಿಂದ. 1968ರ ಕಾಯಿದೆಯ ನಂತರ ಅಮೆರಿಕದವರು ಆಮದಾಗುವ ಪಿಸ್ತೂಲುಗಳಿಗೆ, ನಮ್ಮ ಪರೀಕ್ಷೆಯಂತೆ, ಅಂಕ ಹಾಕತೊಡಗಿದರು. ಪುಟ್ಟ ಪಿಪಿಕೆ ಒಂದೇ ಅಂಕದಿಂದ ನಪಾಸು! ಕಂಪನಿ ಪಿಪಿಯ ಉದ್ದ ಹಿಡಿಗೆ ಪಿಪಿಕೆಯ ಗಿಡ್ಡ ನಳಿಗೆ ಕೂಡಿಸಿತು, ಪಾಸಾಯಿತು. ಹಿಡಿ ಬೆಳೆದದ್ದರಿಂದ ಒಂದು ಗುಂಡು ಹೆಚ್ಚೇ ಹಿಡಿಯಿತು.

ಹುಡುಗ ನಕ್ಕ. ನನಗೆ ನಗು ಬರಲಿಲ್ಲ.