ಮಡ್ಡಿ ನೆಲದ ಕೆಂಪು ರಸ

ಸೊಲ್ಲಾಪುರ ಜಿಲ್ಲೆಯೆಂದರೆ ಚಾದರ, ಬಿಳಿಜೋಳ, ಬರಗಾಲ ಎಂದೇ ಹೊರಗಿನವರ ತಿಳಿವಳಿಕೆ. ದ್ರಾಕ್ಷಿಯಲ್ಲಿಯೂ ಈ ಜಿಲ್ಲೆಗೆ ಹೆಸರಿರುವುದನ್ನು ನಮ್ಮವರು ಬಲ್ಲರು. ನಾನ್ನಜದ ನಾನಾಸಾಹೇಬ ಕಾಳೆಯವರು ಬೆಳಕಿಗೆ ತಂದ ‘ಸೋನಾಕಾ’ ತಳಿಯ ಬೀಜವಿಲ್ಲದ ನೀಳ ಹಣ್ಣನ್ನು ತಿನ್ನದವರು ನಮ್ಮಲ್ಲಿ ವಿರಳ. ಆದರೆ ಇದೇ ಜಿಲ್ಲೆಯ ಮಾಳಶಿರಸ ತಾಲೂಕಿನಲ್ಲಿ, ಅಕ್ಲೂಜಿಗೆ ಸಮೀಪದ ಮೋಟೆವಾಡಿಯ ಮಡ್ಡಿಯಲ್ಲಿ, ಬೀಜವುಳ್ಳ, ದಪ್ಪ ಸಿಪ್ಪೆಯ, ಸಣ್ಣ ಕಾಳಿನ ಕಪ್ಪು ದ್ರಾಕ್ಷಿ ಬೆಳೆಯುತ್ತದೆ. ಅದು ವೈನಿಗಾಗಿ ಬೆಳೆದ ಹಣ್ಣು.

2001ರಲ್ಲಿ ಮಹಾರಾಷ್ಟ್ರ ಸರಕಾರವು ದ್ರಾಕ್ಷಿ ಸಂಸ್ಕರಣದ ನೀತಿಯನ್ನು ಪ್ರಕಟಿಸಿ ವೈನ್ ಕಾರ್ಖಾನೆಗಳಿಗೆ ರಿಯಾಯಿತಿ ನೀಡಿತು. ಮುಂದೆ 2007ರ ಸುಮಾರಿಗೆ ಅಕ್ಲೂಜಿನ ಮೋಹಿತೆ-ಪಾಟೀಲ, ದಿಲ್ಲಿಯ ಸೇಖ್ರಿ, ಇಟಲಿಯ ಸೆಚ್ಚಿ ಎಂಬ ಮೂರು ಮನೆತನಗಳ ಇಬ್ಬಿಬ್ಬರು ಸಹೋದರರು ಕೂಡಿ, ಫ್ರಾನ್ಸಿನಿಂದ ಸಸಿಗಳನ್ನು ತರಿಸಿ ಸುಮಾರು 240 ಎಕರೆಯಲ್ಲಿ ನೆಡಿಸಿದರು. ಸಂಸ್ಥೆಗೆ ‘ಫ್ರಾಟೆಲ್ಲಿ’ ಎಂದು ಹೆಸರಿಟ್ಟರು. ಇಟಲಿಯ ಭಾಷೆಯಲ್ಲಿ ಅದರ ಅರ್ಥ ‘ಅಣ್ಣತಮ್ಮಂದಿರು’. ವೈನ್ ತಯಾರಿಕೆಯ ಹೊಣೆಯನ್ನು ಟಸ್ಕನಿಯ ಪಿಯೆರೊ ಮಾಸಿಯವರು ಹೊತ್ತರು. ಆರು ಸಹೋದರರ ಜೊತೆಗೆ ಅವರು ಏಳನೆಯವರು. ಆದ್ದರಿಂದ ಇವರ ಹೆಸರುವಾಸಿಯಾದ ಕೆಂಪು ವೈನಿಗೆ ‘ಸೆಟ್ಟೆ’, ಎಂದರೆ ‘ಏಳು’, ಎಂಬ ಹೆಸರು ಬಂದಿತು. ಟಸ್ಕನಿಯ ಸಾಂಜೊವೇಸೆ, ಫ್ರಾನ್ಸಿನ ಬೋರ್ಡೋ ಸೀಮೆಯ ಕ್ಯಾಬರ್ನೆ ಸೋವಿನ್ಯೋಂ ಎಂಬೆರಡು ದ್ರಾಕ್ಷಿಗಳ ಮಿಶ್ರಣವಿದು. ಮೊದಲನೆಯದು ಹುಳಿಯನ್ನೂ ಪರಿಮಳವನ್ನೂ ಕೊಟ್ಟರೆ, ಎರಡನೆಯದು ಬಣ್ಣವನ್ನೂ ಒಗರನ್ನೂ ಕೊಡುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕೃಷಿ ಡಿಪ್ಲೊಮಾ ಮುಗಿಸಿದ ಮೇಲೆ ಅವನಿಗೆ ಈ ತೋಟದಲ್ಲಿ ಕೆಲಸ ದೊರೆಯಿತು. ಸೆರೆಯ ಹೆಸರನ್ನೂ ಎತ್ತದ ಮನೆತನ ಅವರದು. ತಂದೆ ಶಾಲೆಗೆ ಬಂದು, “ಮಾಸ್ತರ್ರ, ಹುಡುಗ ಸೆರೆ ಮಾಡೋ ಕಡೆ ಹೊಂಟಾನ. ನಾಳೆ ಕನ್ಯಾ ಕೊಡೋರು ಏನಂದಾರು?” ಎಂದು ಕೇಳಿದನು. ನೋಡಿಯೇ ಹೇಳೋಣವೆಂದು, ಸುಗ್ಗಿಯ ಜನವರಿಯಲ್ಲಿ ಮೂವರೂ ಹೋದೆವು.

ತಂದೆ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು, “ಬರೇ ಬೀಜ, ಬರೇ ತೊಗಲು!” ಎಂದನು. ಮಗನು ವಿವರಿಸಿದನು: ಹೆಚ್ಚಿನ ಕಪ್ಪು ದ್ರಾಕ್ಷಿಯ ರಸಕ್ಕೆ ತನ್ನದೆಂಬ ಬಣ್ಣವಿಲ್ಲ, ಸಿಪ್ಪೆ, ಬೀಜಗಳೊಡನೆ ಹುದುಗಿದಾಗಲೇ ಅದಕ್ಕೆ ಕೆಂಪೂ ಒಗರೂ ಗಟ್ಟಿತನವೂ ಬರುತ್ತವೆ. ನೀರು ಅತಿಯಾದರೆ ಕಾಳು ಉಬ್ಬಿ ರಸ ತೆಳುವಾಗುತ್ತದೆ. ಆದುದರಿಂದ ಕಲ್ಲುನೆಲವೂ ಅಳತೆಯ ಹನಿನೀರೂ ಈ ಬಳ್ಳಿಗೆ ಹಿತ. ತಂದೆಗೆ ಥಟ್ಟನೆ ತಿಳಿಯಿತು. “ಮಳೀ ಮ್ಯಾಲಿನ ಜೋಳದ ರುಚಿ ನೀರಾವರಿ ಜೋಳಕ್ಕ ಎಲ್ಲಿಂದ ಬರಬೇಕು!” ಎಂದನು.

ಮರಳುವಾಗ ನಾನು ವೈನನ್ನು ಹಣ್ಣಿನ ರಸವೆಂದು ಬಣ್ಣಿಸಲಿಲ್ಲ. ಇಂಥ ಗಟ್ಟಿ ಕೆಂಪು ವೈನಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 13–14 ಭಾಗ ಮದ್ಯಸಾರವಿರುತ್ತದೆ. ಅದು ಮದ್ಯವೇ, ಮನೆಗಳನ್ನು ಕೆಡಿಸಬಲ್ಲದು. “ಅದನ್ನು ಕುಡಿಯಬೇಡವೆನ್ನುವ ಅಧಿಕಾರ ನಿನ್ನದು. ಆದರೆ ಆ ಹುಡುಗ ಕಲಿಯುತ್ತಿರುವ ಮಣ್ಣಿನ ವಿದ್ಯೆಯನ್ನು ಬೇಡವೆನ್ನಬೇಡ” ಎಂದೆನು. ಅವನು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತಿದ್ದನು. ಮಾರಲೆಂದು ಮಾತಾಡಿದ್ದ ನಾಲ್ಕೆಕರೆ ಮಡ್ಡಿಯೊಂದು ಅವನಿಗಿತ್ತು.

ಹುಡುಗನು ಅಲ್ಲಿ ಮೂರು ವರ್ಷ ದುಡಿದನು. ಮಡ್ಡಿ ಮಾರಾಟವಾಗಲಿಲ್ಲ. ಈಗ ಅದರ ಒಂದೆಕರೆಯಲ್ಲಿ ಒಣದ್ರಾಕ್ಷಿಯ ಬಳ್ಳಿ ಹಬ್ಬಿದೆ. ಛಾಟಣಿಯ ದಿನ ಕತ್ತರಿ ಹಿಡಿದು ಮಗನಿಗಿಂತ ಮೊದಲು ಹೊಲದಲ್ಲಿರುವವನು ತಂದೆಯೇ.